ನಿದ್ದೆ ಮಾತ್ರೆಯನ್ನು ಒಂದೇ ದಿನಕ್ಕೆ ಬಿಡಬಾರದು, ಯಾಕೆ?

ನಮ್ಮ ಸೋದರತ್ತೆಗೆ 68 ವರ್ಷ. ಮಾವ ತೀರಿಕೊಂಡಾಗ ರಾತ್ರಿಯೆಲ್ಲ ಕಣ್ಣು ಮುಚ್ಚುತ್ತಿರಲಿಲ್ಲ ಅಂತ ಡಾಕ್ಟರ್ ಹದಿನೈದು ದಿನಕ್ಕೆ ಒಂದು ಮಾತ್ರೆ ಬರೆದುಕೊಟ್ಟಿದ್ದರು. ಅಲ್ಪ್ರಝೋಲಾಮ್, 0.5 ಮಿಲಿಗ್ರಾಂ. ಆ ಹದಿನೈದು ದಿನ ಹನ್ನೊಂದು ವರ್ಷವಾಯಿತು. ನಡುವೆ ಯಾವಾಗಲೋ ರಾತ್ರಿ ಒಂದು ಇದ್ದದ್ದು ಬೆಳಗ್ಗೆ ಒಂದು, ರಾತ್ರಿ ಒಂದು ಆಯಿತು. ಮಡಚಿ ಮಡಚಿ ಹರಿದುಹೋದ ಆ ಚೀಟಿಯನ್ನು ಅತ್ತೆ ಎಲೆ ಅಡಿಕೆ ಚೀಲದಲ್ಲೇ ಇಟ್ಟುಕೊಂಡಿದ್ದರು. ಮೆಡಿಕಲ್ ಶಾಪ್‌ನವರು ಅದನ್ನು ಕೇಳುವುದನ್ನೂ ಬಿಟ್ಟಿದ್ದರು.

ಒಂದು ದಿನ ಅಂಗಡಿಗೆ ಹೊಸ ಹುಡುಗ ಬಂದ. "ಅಮ್ಮಾ, ಇದಕ್ಕೆ ಹೊಸ ಚೀಟಿ ಬೇಕು. ರಿಜಿಸ್ಟರ್‌ನಲ್ಲಿ ಬರೀಬೇಕಾಗುತ್ತೆ" ಅಂದ. ಅತ್ತೆಗೆ ರೇಗಿಹೋಯಿತು. "ನಿನ್ನ ಮಾತ್ರೆನೂ ಬೇಡ, ನೀನೂ ಬೇಡ. ಇವತ್ತಿಂದ ಬಿಟ್ಟೆ" ಅಂತ ಬಂದುಬಿಟ್ಟರು. ಮನೆಯವರೆಲ್ಲ ಖುಷಿಪಟ್ಟರು.

ಮೊದಲ ರಾತ್ರಿ ನಿದ್ದೆ ಇಲ್ಲ. ಎರಡನೇ ದಿನ ಕಾಫಿ ಲೋಟ ಹಿಡಿದ ಕೈ ನಡುಗಿ ಕಾಫಿ ಸೀರೆ ಮೇಲೆ ಚೆಲ್ಲಿತು. ಕುಕ್ಕರ್ ಕೂಗಿದರೆ ಬೆಚ್ಚಿಬೀಳುತ್ತಿದ್ದರು. ಮೂರನೇ ರಾತ್ರಿ ಗೋಡೆ ತುಂಬ ಇರುವೆ ಹರಿಯುತ್ತಿದೆ, ಒರೆಸು ಅಂತ ಮಗನನ್ನು ಎಬ್ಬಿಸಿದರು. ಗೋಡೆ ಮೇಲೆ ಒಂದು ಇರುವೆಯೂ ಇರಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡ್ಯೂಟಿ ಡಾಕ್ಟರ್ ಬಿಪಿ ನೋಡಿ, ನಾಡಿ ನೋಡಿ, ಕೊನೆಗೆ ಕೇಳಿದ ಪ್ರಶ್ನೆ: "ಇತ್ತೀಚೆಗೆ ಯಾವ ಮಾತ್ರೆ ನಿಲ್ಲಿಸಿದಿರಿ?"

ಯಾವ ಮಾತ್ರೆ ತೆಗೆದುಕೊಂಡಿರಿ ಅಂತ ಅಲ್ಲ, ಯಾವುದನ್ನು ನಿಲ್ಲಿಸಿದಿರಿ ಅಂತ. ಆ ಪ್ರಶ್ನೆಯ ಹಿಂದೆ ಇರುವ ವಿಷಯವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಇವು ಯಾವ ಮಾತ್ರೆಗಳು?

ಜನ ಇವನ್ನು ನಿದ್ದೆ ಮಾತ್ರೆ, ಟೆನ್ಷನ್ ಮಾತ್ರೆ, ನರದ ಮಾತ್ರೆ ಅಂತೆಲ್ಲ ಕರೆಯುತ್ತಾರೆ. ಇವುಗಳಲ್ಲಿ ಹೆಚ್ಚಿನವು ಒಂದೇ ಕುಟುಂಬಕ್ಕೆ ಸೇರಿದವು. ಕುಟುಂಬದ ಹೆಸರು ಬೆಂಜೊಡಯಾಜೆಪೀನ್. ಉದ್ದವಾಯಿತು, ಬೆಂಜೊ ಅನ್ನೋಣ.

ಬ್ರ್ಯಾಂಡ್ ಹೆಸರು ಏನಾದರೂ ಇರಲಿ, ಸ್ಟ್ರಿಪ್‌ನ ಹಿಂದೆ ಸಣ್ಣ ಅಕ್ಷರದಲ್ಲಿ ಔಷಧಿಯ ನಿಜವಾದ ಹೆಸರು ಇರುತ್ತದೆ. ಅದು 'ಪಾಮ್' ಅಥವಾ 'ಲಾಮ್' ಅಂತ ಮುಗಿದರೆ ಬಹುತೇಕ ಬೆಂಜೊ ಅಂತಲೇ ತಿಳಿಯಿರಿ. ಡಯಾಜೆಪಾಮ್, ಲೊರಾಝೆಪಾಮ್, ಕ್ಲೊನಾಝೆಪಾಮ್, ನೈಟ್ರಾಝೆಪಾಮ್, ಅಲ್ಪ್ರಝೋಲಾಮ್. ಹೆಸರು ಹೀಗೆ ಮುಗಿಯದ ಒಂದು ಹಳೇ ಸದಸ್ಯ ಕ್ಲೋರ್‌ಡಯಾಜೆಪಾಕ್ಸೈಡ್. ಝೋಲ್ಪಿಡೆಮ್ ಬೇರೆ ಕುಟುಂಬದ್ದು, ಆದರೆ ಮಿದುಳಿನಲ್ಲಿ ಕೆಲಸ ಮಾಡುವ ಜಾಗ ಅದೇ. ಅದನ್ನು ದೂರದ ದಾಯಾದಿ ಅನ್ನಬಹುದು.

ತಮಾಷೆ ಏನೆಂದರೆ, ಬೆಂಜೊ ತೆಗೆದುಕೊಳ್ಳುತ್ತಿರುವುದೇ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಹೊಟ್ಟೆ ಹಿಡಿದುಕೊಳ್ಳುತ್ತೆ, ಪದೇ ಪದೇ ಕಕ್ಕಸಿಗೆ ಹೋಗಬೇಕು ಅನಿಸುತ್ತೆ ಅಂದರೆ ಕೊಡುವ ಕೆಲವು ಮಾತ್ರೆಗಳಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್ ಸೇರಿರುತ್ತದೆ. ಖಿನ್ನತೆಗೆ ಕೊಡುವ ಎಸ್ಸಿಟಾಲೊಪ್ರಾಮ್ ಜೊತೆ ಕ್ಲೊನಾಝೆಪಾಮ್ ಬೆರೆಸಿದ ಮಾತ್ರೆ ನಮ್ಮ ದೇಶದಲ್ಲಿ ತುಂಬ ಓಡುತ್ತದೆ. ಎದೆ ಹೊಡೆದುಕೊಳ್ಳುವುದಕ್ಕೆ ಕೊಡುವ ಪ್ರೊಪ್ರನೊಲಾಲ್ ಜೊತೆಗೂ ಬೆಂಜೊ ಬರುತ್ತದೆ. 'ಅದು ಬರೀ ಗ್ಯಾಸ್ಟ್ರಿಕ್ ಮಾತ್ರೆ' ಅಂದುಕೊಂಡು ವರ್ಷಗಟ್ಟಲೆ ನುಂಗಿ, ಒಂದು ದಿನ ನಿಲ್ಲಿಸಿ, ಕೈ ಯಾಕೆ ನಡುಗುತ್ತಿದೆ ಅಂತ ತಲೆ ಕೆಡಿಸಿಕೊಂಡರೆ ಆಶ್ಚರ್ಯವಿಲ್ಲ. ಹಾಗಾಗಿ ಸ್ಟ್ರಿಪ್ ತಿರುಗಿಸಿ ಓದುವುದು ಮೊದಲ ಕೆಲಸ.

ಹಾಗಂತ ಇವು ಕೆಟ್ಟ ಔಷಧಿಗಳಲ್ಲ. ಫಿಟ್ಸ್ ನಿಲ್ಲದೆ ಬರುತ್ತಿರುವವರಿಗೆ, ಆಪರೇಷನ್‌ಗೆ ಮುಂಚೆ, ವಿಪರೀತ ಗಾಬರಿ ಹಿಡಿದವರಿಗೆ ಇವು ನಿಜಕ್ಕೂ ಜೀವ ಉಳಿಸುವ ಮಾತ್ರೆಗಳು. ಇವು ಬರುವ ಮುಂಚೆ ನಿದ್ದೆಗೆ ಕೊಡುತ್ತಿದ್ದದ್ದು ಬಾರ್ಬಿಟ್ಯುರೇಟ್. ಅದರ ಡೋಸ್ ಸ್ವಲ್ಪ ಹೆಚ್ಚಾದರೂ ಉಸಿರೇ ನಿಲ್ಲುತ್ತಿತ್ತು. ಅಮೆರಿಕದ ನ್ಯೂಜೆರ್ಸಿಯಲ್ಲಿ ಹಾಫ್‌ಮನ್ ಲಾ ರೋಶ್ ಕಂಪನಿಯ ವಿಜ್ಞಾನಿ ಲಿಯೊ ಸ್ಟರ್ನ್‌ಬಾಕ್ ತಯಾರಿಸಿದ ಕ್ಲೋರ್‌ಡಯಾಜೆಪಾಕ್ಸೈಡ್ 1960ರಲ್ಲಿ, ಡಯಾಜೆಪಾಮ್ 1963ರಲ್ಲಿ ಮಾರುಕಟ್ಟೆಗೆ ಬಂದವು. ಅಪಾಯ ಕಡಿಮೆ ಅಂತ ಡಾಕ್ಟರುಗಳು ಧೈರ್ಯವಾಗಿ ಬರೆದರು. ಸಿಕ್ಕಾಪಟ್ಟೆ ಬರೆದರು ಅನ್ನುವುದೇ ಸರಿ.

ಮಿದುಳಿನೊಳಗಿನ ಹಗ್ಗಜಗ್ಗಾಟ

ಊರ ಹಬ್ಬದಲ್ಲಿ ಹಗ್ಗಜಗ್ಗಾಟ ನೋಡಿರುತ್ತೀರಿ. ನಮ್ಮ ಮಿದುಳಿನಲ್ಲೂ ಹಗಲೂ ರಾತ್ರಿ ಅಂಥದ್ದೊಂದು ಆಟ ನಡೆಯುತ್ತಿರುತ್ತದೆ. ಒಂದು ಕಡೆ ಶಾಂತ ಮಾಡುವ ತಂಡ. ಅದರ ಮುಖ್ಯ ಆಟಗಾರ ಗಾಬಾ ಅನ್ನುವ ರಾಸಾಯನಿಕ. ಇನ್ನೊಂದು ಕಡೆ ಎಚ್ಚರಿಸುವ ತಂಡ. ಅಲ್ಲಿನ ಮುಖ್ಯ ಆಟಗಾರ ಗ್ಲುಟಮೇಟ್. ಹಗ್ಗದ ನಡುವೆ ಕಟ್ಟಿದ ಬಟ್ಟೆ ಗೆರೆಯ ಹತ್ತಿರವೇ ಇರಬೇಕು, ಹಗಲು ಸ್ವಲ್ಪ ಆ ಕಡೆ, ರಾತ್ರಿ ಸ್ವಲ್ಪ ಈ ಕಡೆ. ಮಿದುಳಿನ ಆಸೆ ಅಷ್ಟೇ.

ಬೆಂಜೊ ಮಾತ್ರೆ ಅಂದರೆ ಶಾಂತ ತಂಡಕ್ಕೆ ಬಂದು ಸೇರಿದ ಪೈಲ್ವಾನ. ಅವನು ತಾನೇ ಬೇರೆ ಹಗ್ಗ ಹಿಡಿದು ಎಳೆಯುವುದಿಲ್ಲ, ಗಾಬಾದ ಕೈಗೆ ಕೈ ಕೊಟ್ಟು ಅದರ ಬಲ ಹೆಚ್ಚಿಸುತ್ತಾನೆ. ಹಗ್ಗ ಸರ್ರನೆ ಶಾಂತದ ಕಡೆ ಬರುತ್ತದೆ. ಎದೆ ಹೊಡೆತ ಇಳಿಯುತ್ತದೆ, ಮೈ ಸಡಿಲಾಗುತ್ತದೆ, ಕಣ್ಣು ಎಳೆಯುತ್ತದೆ.

ಒಂದೆರಡು ದಿನ ಬಂದು ಹೋದರೆ ಏನೂ ತೊಂದರೆ ಇಲ್ಲ. ಪೈಲ್ವಾನ ದಿನಾ ಬರತೊಡಗಿದರೆ ಮಿದುಳು ಸುಮ್ನೆ ಕೂರುವುದಿಲ್ಲ. ಬಟ್ಟೆ ಮತ್ತೆ ಗೆರೆಗೆ ಬರಬೇಕಲ್ಲ? ಅದಕ್ಕೆ ಎಚ್ಚರದ ತಂಡಕ್ಕೆ ಇನ್ನಷ್ಟು ಜನರನ್ನು ಸೇರಿಸುತ್ತದೆ, ಶಾಂತ ತಂಡದ ಹಳೆಯ ಆಟಗಾರರ ಹಿಡಿತವನ್ನು ಸಡಿಲ ಮಾಡುತ್ತದೆ. ಕೆಲವು ವಾರಗಳಲ್ಲಿ ಬಟ್ಟೆ ಗೆರೆಗೆ ವಾಪಸ್. ಅಂದರೆ ಅದೇ ಮಾತ್ರೆಗೆ ಮೊದಲಿನ ನಿದ್ದೆ ಇಲ್ಲ. ಅತ್ತೆಯ ಒಂದು ಮಾತ್ರೆ ಎರಡಾಗಿದ್ದು ಹೀಗೆ. ಇದಕ್ಕೆ ಇಂಗ್ಲಿಷಿನಲ್ಲಿ ಟಾಲರೆನ್ಸ್ ಅನ್ನುತ್ತಾರೆ. ಮೈಗೆ ಒಗ್ಗಿಹೋಯಿತು ಅಂತ ನಾವು ಹೇಳುವುದೂ ಇದನ್ನೇ.

ಈಗ ಪೈಲ್ವಾನ ಹಠಾತ್ತನೆ ಹಗ್ಗ ಬಿಟ್ಟು ಮನೆಗೆ ಹೋದರೆ? ಆ ಕಡೆ ಇರುವುದು ಹೆಚ್ಚಿದ ತಂಡ, ಈ ಕಡೆ ಸೋತ ಕೈಗಳು. ಎಲ್ಲರೂ ಅಂಗಾತ ಬೀಳುತ್ತಾರೆ. ನಡುಕ, ಬೆವರು, ಎದೆಬಡಿತ, ಇಲ್ಲದ ಇರುವೆ, ಕೊನೆಗೆ ಫಿಟ್ಸ್. ಇದೇ ವಿತ್‌ಡ್ರಾವಲ್. ಮಾತ್ರೆ ಮೈಯಲ್ಲಿ ಇರುವುದರಿಂದ ಆಗುವ ತೊಂದರೆ ಅಲ್ಲ ಇದು, ಇಲ್ಲದಿರುವುದರಿಂದ ಆಗುವ ತೊಂದರೆ.

ಇದು ಚಟ ಅಲ್ವಾ?

ಅತ್ತೆಗೆ ಅತಿ ಹೆಚ್ಚು ನೋವಾಗಿದ್ದು ಈ ಮಾತಿಗೆ. ಆಸ್ಪತ್ರೆಗೆ ನೋಡಲು ಬಂದ ನೆಂಟರೊಬ್ಬರು "ಅಯ್ಯೋ, ನಿಮಗೆ ಇದು ಚಟ ಆಗಿಹೋಗಿತ್ತಾ" ಅಂದುಬಿಟ್ಟರು.

ಚಟವೂ ಮೈ ಒಗ್ಗಿಹೋಗುವುದೂ ಬೇರೆ ಬೇರೆ. ದಿನಾ ಬೆಳಗ್ಗೆ ಫಿಲ್ಟರ್ ಕಾಫಿ ಕುಡಿಯುವವರು ಉಪವಾಸದ ದಿನ ಕಾಫಿ ಬಿಟ್ಟರೆ ಮಧ್ಯಾಹ್ನಕ್ಕೆ ತಲೆ ಸಿಡಿಯುತ್ತದೆ. ಮೈ ಒಗ್ಗಿದೆ ಅಷ್ಟೇ. ಅದಕ್ಕಾಗಿ ಅವರು ಸುಳ್ಳು ಹೇಳುವುದಿಲ್ಲ, ಒಡವೆ ಮಾರುವುದಿಲ್ಲ. ಚಟದಲ್ಲಿ ಕಡುಬಯಕೆ ಇರುತ್ತದೆ, ಕೆಡುಕಾಗುತ್ತಿದೆ ಅಂತ ಗೊತ್ತಿದ್ದೂ ನಿಲ್ಲಿಸಲಾಗದ ಓಟ ಇರುತ್ತದೆ. ಬೆಂಜೊಗೆ ಹಾಗೆ ಬೀಳುವವರೂ ಇದ್ದಾರೆ. ಮೂರು ಡಾಕ್ಟರ ಹತ್ತಿರ ಮೂರು ಚೀಟಿ ಬರೆಸುವವರು, ಮದ್ಯದ ಜೊತೆ ನುಂಗುವವರು. ಆದರೆ ಬರೆದುಕೊಟ್ಟ ಡೋಸನ್ನೇ ತಪ್ಪದೆ ತೆಗೆದುಕೊಂಡವರಿಗೂ ಮೈ ಒಗ್ಗುತ್ತದೆ. ಬಿಡುವಾಗ ಇಬ್ಬರಿಗೂ ಫಿಟ್ಸ್ ಬರಬಹುದು. 'ಮನಸ್ಸು ಗಟ್ಟಿ ಮಾಡಿಕೋ' ಅನ್ನುವ ಬುದ್ಧಿವಾದ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹಗ್ಗದ ಆ ಕಡೆ ಇರುವವರಿಗೆ ಬುದ್ಧಿವಾದ ಕೇಳಿಸುವುದಿಲ್ಲ.

1961ರಲ್ಲೇ ಗೊತ್ತಿತ್ತು

ಕ್ಲೋರ್‌ಡಯಾಜೆಪಾಕ್ಸೈಡ್ ಅಂಗಡಿಗೆ ಬಂದ ಮರುವರ್ಷವೇ ಅಮೆರಿಕದ ಡಾಕ್ಟರ್ ಲಿಯೊ ಹಾಲಿಸ್ಟರ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಆಸ್ಪತ್ರೆಯಲ್ಲಿದ್ದ ಮಾನಸಿಕ ರೋಗಿಗಳಿಗೆ ಕೆಲವು ತಿಂಗಳು ತುಂಬ ಜಾಸ್ತಿ ಡೋಸ್ ಕೊಟ್ಟು, ಅವರಲ್ಲಿ 11 ಜನಕ್ಕೆ ಗೊತ್ತಾಗದಂತೆ ಔಷಧಿ ನಿಲ್ಲಿಸಿ ಹುಸಿ ಮಾತ್ರೆ ಕೊಟ್ಟರು. 10 ಜನಕ್ಕೆ ಹೊಸ ತೊಂದರೆಗಳು ಕಾಣಿಸಿದವು. ಇಬ್ಬರಿಗೆ ಫಿಟ್ಸ್ ಬಂತು. ಇವತ್ತು ಇಂಥ ಪ್ರಯೋಗಕ್ಕೆ ಯಾರೂ ಒಪ್ಪಿಗೆ ಕೊಡುವುದಿಲ್ಲ, ಕೊಡಲೂ ಬಾರದು.

ಅದರಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಆ ಫಿಟ್ಸ್ ಬಂದಿದ್ದು ಮರುದಿನವಲ್ಲ, ಮಾತ್ರೆ ನಿಲ್ಲಿಸಿದ ಏಳನೇ, ಎಂಟನೇ ದಿನ. ಅತ್ತೆಗೆ ಎರಡನೇ ದಿನಕ್ಕೇ ಕೈ ನಡುಗಿತಲ್ಲ, ಇವರಿಗೆ ಯಾಕೆ ತಡ?

ಕಾಗದಕ್ಕೆ ಬೆಂಕಿ ಹಚ್ಚಿದರೆ ಭಗ್ಗನೆ ಉರಿದು ಆರುತ್ತದೆ. ಬೆರಣಿ ಹಚ್ಚಿದರೆ ರಾತ್ರಿಯೆಲ್ಲ ಕೆಂಡ ಇರುತ್ತದೆ. ಮಾತ್ರೆಗಳಲ್ಲೂ ಹೀಗೆ ಎರಡು ಬಗೆ. ಅಲ್ಪ್ರಝೋಲಾಮ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 11 ಗಂಟೆ ಸಾಕು. ಝೋಲ್ಪಿಡೆಮ್‌ಗೆ ಎರಡೂವರೆ ಗಂಟೆಯೇ ಸಾಕು. ಡಯಾಜೆಪಾಮ್, ಹಾಲಿಸ್ಟರ್ ಕೊಟ್ಟ ಕ್ಲೋರ್‌ಡಯಾಜೆಪಾಕ್ಸೈಡ್ ಬೆರಣಿ ಜಾತಿಯವು. ಅವು ಮೈಯಲ್ಲಿ ಕರಗುತ್ತ ಇನ್ನೊಂದು ಔಷಧಿಯಾಗಿ ಬದಲಾಗುತ್ತವೆ, ಅದೂ ಶಾಂತ ಮಾಡುತ್ತದೆ, ದಿನಗಟ್ಟಲೆ ಉಳಿಯುತ್ತದೆ. ಕಾಗದದ ಜಾತಿಯ ಮಾತ್ರೆ ಬಿಟ್ಟರೆ ಒಂದೆರಡು ದಿನದಲ್ಲೇ ಗಲಾಟೆ ಶುರು, ಜೋರಾಗಿ. ಬೆರಣಿ ಜಾತಿಯದು ಬಿಟ್ಟರೆ ಒಂದು ವಾರ ಎಲ್ಲ ಸರಿ ಇದ್ದಂತೆ ಕಂಡು ಆಮೇಲೆ ಶುರುವಾಗಬಹುದು. 'ಬಿಟ್ಟು ಐದು ದಿನ ಆಯ್ತು, ಏನೂ ಆಗಿಲ್ಲ ನೋಡಿ' ಅಂತ ಯಾರಾದರೂ ಹೇಳಿದರೆ ಯಾವ ಮಾತ್ರೆ ಅಂತ ಕೇಳಿ.

ತೊಂದರೆಗಳ ಪಟ್ಟಿ ಉದ್ದವಿದೆ. ನಿದ್ದೆಗೇಡು, ಕಿರಿಕಿರಿ, ನಡುಕ, ಬೆವರು, ವಾಕರಿಕೆ, ಮಾಂಸಖಂಡ ಪಟಪಟ ಅದುರುವುದು. ವಿಚಿತ್ರ ಅನಿಸುವವೂ ಇವೆ. ಬೆಳಕು ಚುಚ್ಚುತ್ತದೆ, ತಟ್ಟೆ ಸದ್ದೂ ತಲೆಗೆ ಹೊಡೆಯುತ್ತದೆ, ಬಾಯಲ್ಲಿ ಕಬ್ಬಿಣದ ರುಚಿ, ಚರ್ಮದ ಮೇಲೆ ಜುಮುಜುಮು, ತನ್ನ ಕೈ ತನ್ನದಲ್ಲ ಅನ್ನುವ ಭಾವನೆ. ಇವೆಲ್ಲ ಕೇಳಿದ ಮನೆಯವರು ದೆವ್ವದ ಕಾಟ ಅಂದುಕೊಂಡದ್ದೂ ಉಂಟು, ಹಳೇ ಕಾಯಿಲೆ ಮರುಕಳಿಸಿತು ಅಂತ ಮಾತ್ರೆ ಹೆಚ್ಚಿಸಿದ್ದೂ ಉಂಟು.

ಸೇಂದಿ ಅಂಗಡಿ ಮುಚ್ಚಿದಾಗ

ಇದು ಬರೀ ಪಟ್ಟಣದ ಟೆನ್ಷನ್ ಪಾರ್ಟಿಗಳ ಕಥೆ ಅಲ್ಲ. 2015ರ ಸೆಪ್ಟೆಂಬರ್‌ನಲ್ಲಿ ತೆಲಂಗಾಣದ ನಿಜಾಮಾಬಾದ್, ಮಹಬೂಬ್‌ನಗರ ಕಡೆಯ ಸರ್ಕಾರಿ ಆಸ್ಪತ್ರೆಗಳಿಗೆ ಹಳ್ಳಿಯ ಕೂಲಿ ಜನ ಸಾಲುಸಾಲಾಗಿ ಬರತೊಡಗಿದರು. ಕೆಲವರಿಗೆ ಫಿಟ್ಸ್, ಕೆಲವರು ಗಾಳಿಯಲ್ಲಿ ಯಾರ ಜೊತೆಗೋ ಮಾತಾಡುತ್ತಿದ್ದರು. ಯಾರೂ ಮಾತ್ರೆ ನುಂಗಿದವರಲ್ಲ. ದಿನಾ ಸಂಜೆ ಸೇಂದಿ ಕುಡಿಯುತ್ತಿದ್ದವರು.

ಈಚಲು ಮರದ ನಿಜವಾದ ಸೇಂದಿ ಎಲ್ಲರಿಗೂ ಸಾಲುವಷ್ಟು ಸಿಗುವುದಿಲ್ಲ. ಹಾಗಾಗಿ ನೀರಿಗೆ ಸ್ಯಾಕರಿನ್ ಹಾಕಿ, ನಶೆ ಏರಲಿ ಅಂತ ಅಲ್ಪ್ರಝೋಲಾಮ್, ಡಯಾಜೆಪಾಮ್ ಪುಡಿ ಬೆರೆಸಿ ಮಾರುವುದು ಅಲ್ಲಿ ನಡೆದುಕೊಂಡು ಬಂದಿತ್ತು. ಅಬಕಾರಿಯವರು ಬಿಗಿ ಮಾಡಿದರು. ಕಲಬೆರಕೆ ನಿಂತಿತು. ಕುಡಿಯುವವರ ಮೈಗೆ ತಮಗೇ ಗೊತ್ತಿಲ್ಲದೆ ಬೆಂಜೊ ಒಗ್ಗಿಹೋಗಿತ್ತು. ಎಲ್ಲರ ಹಗ್ಗವನ್ನೂ ಒಂದೇ ದಿನ ಬಿಟ್ಟಂತಾಯಿತು. ಕೆಲವರು ಸತ್ತೇ ಹೋದರು.

ರಾಯಚೂರು ಕಡೆಯ ಓದುಗರಿಗೆ ಇದು ಹೊಸದಲ್ಲ. ಅಲ್ಲಿ 'ಸಿಎಚ್ ಪೌಡರ್' ಸೇಂದಿ ಅಂದರೆ ಎಲ್ಲರಿಗೂ ಗೊತ್ತು. ಸಿಎಚ್ ಅಂದರೆ ಕ್ಲೋರಲ್ ಹೈಡ್ರೇಟ್. ಅದು ಬೆಂಜೊ ಅಲ್ಲ, ಇನ್ನೂ ಹಳೇ ಕಾಲದ ನಿದ್ದೆ ಔಷಧಿ. ಆದರೆ ಹಗ್ಗ ಎಳೆಯುವುದು ಅದೇ ಕಡೆಗೆ. ಕದ್ದು ಮಾರುವುದನ್ನು ತಡೆಯುವುದು ಬೇಕೇ ಬೇಕು. ತಡೆದ ಮರುದಿನ ಆಸ್ಪತ್ರೆಯಲ್ಲಿ ಹಾಸಿಗೆ ಸಿದ್ಧವಿರಬೇಕು ಅನ್ನುವುದು ನಿಜಾಮಾಬಾದ್‌ನಲ್ಲಿ ತಡವಾಗಿ ಗೊತ್ತಾಯಿತು.

'ಡಿಟಾಕ್ಸ್' ಅಂದರೆ ತೊಳೆಯುವುದಲ್ಲ

ಡಿಟಾಕ್ಸ್ ಅನ್ನುವ ಪದವೇ ದಾರಿ ತಪ್ಪಿಸುತ್ತದೆ. ಮೈಯಲ್ಲಿ ವಿಷ ಇದೆ, ಗ್ಲೂಕೋಸ್ ಹಾಕಿ, ಜ್ಯೂಸ್ ಕುಡಿಸಿ ಹೊರಗೆ ತೆಗೆಯುತ್ತಾರೆ ಅಂತ ಜನ ಅಂದುಕೊಳ್ಳುತ್ತಾರೆ. ಮಾತ್ರೆ ಹೊರಗೆ ಹೋಗಲು ಯಾರ ಸಹಾಯವೂ ಬೇಡ, ಅದು ತಾನಾಗಿಯೇ ಹೋಗುತ್ತದೆ. ಬೇಗ ಹೋಗುವುದೇ ಸಮಸ್ಯೆ. ಆಸ್ಪತ್ರೆಯಲ್ಲಿ ಮಾಡುವುದು ಅದರ ಉಲ್ಟಾ: ಹೋಗುವುದನ್ನು ನಿಧಾನ ಮಾಡುತ್ತಾರೆ.

ಎಲ್ಲರೂ ಅಡ್ಮಿಟ್ ಆಗಬೇಕಾಗಿಲ್ಲ. ಕಡಿಮೆ ಡೋಸ್ ಇರುವ, ಬೇರೆ ಕಾಯಿಲೆ ಇಲ್ಲದ ಬಹುತೇಕರು ಮನೆಯಲ್ಲೇ ಇದ್ದು, ಓಪಿಡಿಗೆ ಹೋಗಿಬಂದು ಬಿಡಬಹುದು. ಹಿಂದೆ ಫಿಟ್ಸ್ ಬಂದಿದ್ದವರು, ಡೋಸ್ ತುಂಬ ಜಾಸ್ತಿ ಇರುವವರು, ಜೊತೆಗೆ ಮದ್ಯ ಅಥವಾ ಟ್ರಮಡಾಲ್‌ನಂಥ ಜೋರು ನೋವಿನ ಮಾತ್ರೆ ಇರುವವರು, ಗರ್ಭಿಣಿಯರು, ಬದುಕು ಬೇಡ ಅನಿಸುತ್ತಿರುವವರು, ಅತ್ತೆಯ ಹಾಗೆ ಇಲ್ಲದ್ದನ್ನು ಕಾಣುತ್ತಿರುವವರು, ಇವರಿಗೆ ವಾರ್ಡೇ ಕ್ಷೇಮ.

ಅತ್ತೆ ವಾರ್ಡ್‌ನಲ್ಲಿ ಹನ್ನೆರಡು ದಿನ ಇದ್ದರು. ಸೇರಿಸಿದ ತಕ್ಷಣ ಕೊಟ್ಟದ್ದು ಒಂದು ಬೆಂಜೊ ಮಾತ್ರೆ! ನಮ್ಮ ಅಣ್ಣ "ಬಿಡಿಸಿ ಅಂತ ಕರೆದುಕೊಂಡು ಬಂದರೆ ಅದನ್ನೇ ಕೊಡ್ತೀರಲ್ಲ" ಅಂತ ಡಾಕ್ಟರ ಹತ್ತಿರ ವಾದಕ್ಕೇ ನಿಂತ. ಬಿದ್ದವರನ್ನು ಮೊದಲು ಎಬ್ಬಿಸಿ ನಿಲ್ಲಿಸಬೇಕು, ಆಮೇಲೆ ಹಗ್ಗ ಸಡಿಲ ಮಾಡುವ ಮಾತು. ಆಮೇಲಿನದು ಬೇಸರ ಹುಟ್ಟಿಸುವಷ್ಟು ಸಾದಾ ಕೆಲಸ. ಕೆಲವು ಗಂಟೆಗೊಮ್ಮೆ ಸಿಸ್ಟರ್ ಬಂದು ನಾಡಿ, ಬಿಪಿ, ಜ್ವರ ನೋಡುತ್ತಾರೆ. ಎರಡೂ ಕೈ ಮುಂದೆ ಚಾಚಲು ಹೇಳಿ ನಡುಕ ನೋಡುತ್ತಾರೆ. ಇವತ್ತು ಯಾವ ವಾರ, ಯಾವ ಊರಿನಲ್ಲಿದ್ದೀರಿ ಅಂತ ಕೇಳುತ್ತಾರೆ. ಒಂದೊಂದಕ್ಕೂ ಅಂಕ ಬರೆದುಕೊಳ್ಳುತ್ತಾರೆ. ಆ ಅಂಕ ಏರಿದರೆ ಮಾತ್ರೆ ಸ್ವಲ್ಪ ಹೆಚ್ಚು, ಇಳಿದರೆ ಅಷ್ಟೇ. ರಕ್ತದಲ್ಲಿ ಸಕ್ಕರೆ, ಸೋಡಿಯಂ, ಲಿವರ್ ಪರೀಕ್ಷೆ, ಒಂದು ಇಸಿಜಿ. ನಡುಕಕ್ಕೂ ಗಲಿಬಿಲಿಗೂ ಬೇರೆ ಕಾರಣ ಇರಬಹುದಲ್ಲ, ಅದಕ್ಕೆ.

ಮದ್ಯ ಬಿಡಿಸುವ ವಾರ್ಡಿನಲ್ಲೂ ಇದೇ ಔಷಧಿಗಳನ್ನೇ ಕೊಡುತ್ತಾರೆ. ಮದ್ಯ ಎಳೆಯುವುದೂ ಶಾಂತ ತಂಡದ ಕಡೆಗೇ, ಹಾಗಾಗಿ ಒಬ್ಬ ಪೈಲ್ವಾನನ ಬದಲು ಇನ್ನೊಬ್ಬನನ್ನು ನಿಲ್ಲಿಸಿ ನಿಧಾನವಾಗಿ ಕಳಿಸುತ್ತಾರೆ. ಅದೇ ಕಾರಣಕ್ಕೆ ಮದ್ಯ ಮತ್ತು ಬೆಂಜೊ ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ಉಸಿರು ಕುಗ್ಗುತ್ತದೆ. 'ಮಾತ್ರೆ ಇಲ್ಲ ಅಂತ ಒಂದು ಪೆಗ್ ಹಾಕಿದೆ' ಅನ್ನುವುದು ಚಿಕಿತ್ಸೆ ಅಲ್ಲ.

ಮೂರು ದಿನದಲ್ಲಿ, ಏಳು ದಿನದಲ್ಲಿ ಪೂರ್ತಿ ಬಿಡಿಸುತ್ತೇವೆ ಅನ್ನುವ ಜಾಹೀರಾತುಗಳೂ ಕಾಣಿಸುತ್ತವೆ. ವರ್ಷಗಟ್ಟಲೆ ಒಗ್ಗಿದ ಬೆಂಜೊಗೆ ಅದು ಹೊಂದುವ ಮಾತಲ್ಲ. ಖಾಸಗಿ ಕೇಂದ್ರಕ್ಕೆ ಹೋಗುವುದಾದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ಆಗಿದೆಯಾ, ರಾತ್ರಿ ಹೊತ್ತು ಡಾಕ್ಟರ್ ಇರುತ್ತಾರಾ, ಫಿಟ್ಸ್ ಬಂದರೆ ಏನು ಮಾಡುತ್ತಾರೆ ಅಂತ ಕೇಳಿ. ಉತ್ತರ ತಡವರಿಸಿದರೆ ವಾಪಸ್ ಬನ್ನಿ.

ಮೆಟ್ಟಿಲು ಇಳಿಯುವ ಲೆಕ್ಕ

ವಾರ್ಡ್‌ನಿಂದ ಮನೆಗೆ ಬಂದರೆ ಮುಗಿಯಲಿಲ್ಲ. ನಿಜವಾದ ಕೆಲಸ ಶುರುವಾಗುವುದೇ ಆಗ. ಡೋಸನ್ನು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುವುದಕ್ಕೆ ಟೇಪರ್ ಅನ್ನುತ್ತಾರೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1982ರಿಂದ 1994ರವರೆಗೆ ಬರೀ ಬೆಂಜೊ ಬಿಡಿಸುವುದಕ್ಕೇ ಕ್ಲಿನಿಕ್ ನಡೆಸಿದ ಪ್ರೊಫೆಸರ್ ಹೆದರ್ ಆ್ಯಷ್ಟನ್ ಈ ದಾರಿಯನ್ನು ಹದ ಮಾಡಿದವರು. ಅವರ ಎರಡು ಮುಖ್ಯ ಮಾತುಗಳು ಇವತ್ತಿಗೂ ಉಳಿದಿವೆ. ಕಾಗದದ ಜಾತಿಯ ಮಾತ್ರೆಯಿಂದ ಬೆರಣಿ ಜಾತಿಯದಕ್ಕೆ ಮೊದಲು ಬದಲಾಯಿಸಿ. ಇಳಿಯುವ ವೇಗವನ್ನು ರೋಗಿಯೇ ಹೇಳಲಿ.

ಎಷ್ಟೆಷ್ಟು ಇಳಿಸುವುದು? ಅಮೆರಿಕದ ವ್ಯಸನ ಚಿಕಿತ್ಸಾ ವೈದ್ಯರ ಸಂಘ ಬೇರೆ ಸಂಘಗಳ ಜೊತೆ ಸೇರಿ 2025ರಲ್ಲಿ ಹೊರತಂದ ಮಾರ್ಗಸೂಚಿ ಹೇಳುವುದು ಹೀಗೆ: ಎರಡರಿಂದ ನಾಲ್ಕು ವಾರಕ್ಕೊಮ್ಮೆ ನೂರಕ್ಕೆ 5ರಿಂದ 10ರಷ್ಟು ಇಳಿಸಿ ಶುರುಮಾಡಿ, ಎರಡು ವಾರದಲ್ಲಿ ನೂರಕ್ಕೆ 25 ಮೀರಬೇಡಿ.

ಹೇಳಲು ಸುಲಭ. ಮನೆಯಲ್ಲಿ ಮಾತ್ರೆ ಕೈಯಲ್ಲಿ ಹಿಡಿದಾಗ ಗೊತ್ತಾಗುತ್ತದೆ. ಅತ್ತೆಯ ದಿನದ ಡೋಸ್ 1 ಮಿಲಿಗ್ರಾಂ ಅಲ್ಪ್ರಝೋಲಾಮ್. ಹತ್ತರಲ್ಲೊಂದು ಭಾಗ ಅಂದರೆ 0.1. ಅವರ ಹತ್ತಿರ ಇದ್ದದ್ದು 0.5ರ ಮಾತ್ರೆ, ಅಷ್ಟು ಪುಟ್ಟದ್ದನ್ನು ಐದು ತುಂಡು ಮಾಡುವವರು ಯಾರು? ಡಯಾಜೆಪಾಮ್‌ಗೆ ಬದಲಾಯಿಸುವುದರಲ್ಲಿ ಈ ಅನುಕೂಲವೂ ಇದೆ. ಅದರಲ್ಲಿ ಮಿಲಿಗ್ರಾಂ ಲೆಕ್ಕ ದೊಡ್ಡದು, ಮೆಟ್ಟಿಲು ಸಣ್ಣದು ಮಾಡಬಹುದು. ಆದರೆ ಒಂದರ ಬದಲು ಇನ್ನೊಂದು ಎಷ್ಟು ಅನ್ನುವುದಕ್ಕೆ ಪಕ್ಕಾ ಲೆಕ್ಕ ಇಲ್ಲ. 1 ಮಿಲಿಗ್ರಾಂ ಅಲ್ಪ್ರಝೋಲಾಮ್‌ಗೆ ಒಂದು ಕೋಷ್ಟಕ 20 ಮಿಲಿಗ್ರಾಂ ಡಯಾಜೆಪಾಮ್ ಅಂದರೆ ಇನ್ನೊಂದು 10 ಅನ್ನುತ್ತದೆ. ವಯಸ್ಸಾದವರಿಗೆ ಅದು ಮೈಯಲ್ಲಿ ಶೇಖರವಾಗಿ ಹಗಲೆಲ್ಲ ಮಂಪರು, ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿಯುವ ಭಯ ಬೇರೆ. ಲಿವರ್ ಕೆಟ್ಟಿದ್ದರೆ ಲೊರಾಝೆಪಾಮ್‌ನಂಥದ್ದೇ ಆಗಬೇಕು. ಅತ್ತೆಗೆ ಅದಕ್ಕೇ ವಾರ್ಡ್‌ನಲ್ಲಿ ಕಣ್ಣೆದುರು ಇಟ್ಟುಕೊಂಡು 10 ಮಿಲಿಗ್ರಾಂ ಡಯಾಜೆಪಾಮ್‌ನಲ್ಲಿ ನಿಲ್ಲಿಸಿ ನೋಡಿದರು. ಇಂಟರ್ನೆಟ್‌ನಲ್ಲಿ ಕೋಷ್ಟಕ ಹುಡುಕಿ ಮನೆಯಲ್ಲೇ ಬದಲಾಯಿಸಿಕೊಳ್ಳಬಾರದು ಅನ್ನುವುದು ಇದಕ್ಕೇ.

ಇನ್ನೊಂದು ಸೂಕ್ಷ್ಮ. 10ರಿಂದ 9ಕ್ಕೆ ಬಂದರೆ ಹತ್ತರಲ್ಲೊಂದು ಪಾಲು ಇಳಿದ ಹಾಗೆ. ಅದೇ 4ರಿಂದ 3ಕ್ಕೆ ಬಂದರೆ ಕಾಲು ಭಾಗ ಇಳಿದ ಹಾಗೆ! ಮಿಲಿಗ್ರಾಂ ಒಂದೇ, ಪೆಟ್ಟು ಬೇರೆ. ಹಾಗಾಗಿ ಕೆಳಗೆ ಬಂದಷ್ಟೂ ಮೆಟ್ಟಿಲು ಸಣ್ಣದಾಗಬೇಕು. 'ಇನ್ನೇನು ಸ್ವಲ್ಪ ಉಳಿದಿದೆ, ಒಂದೇ ಸಲ ಬಿಟ್ಟುಬಿಡೋಣ' ಅನಿಸುವ ಜಾಗದಲ್ಲೇ ತುಂಬ ಜನ ಜಾರುವುದು. ಅತ್ತೆ 5 ಮಿಲಿಗ್ರಾಂವರೆಗೆ ಒಂದೊಂದೇ ಇಳಿದರು. ಅಲ್ಲಿಂದ ಅರ್ಧರ್ಧ. ಅಂದರೆ 2 ಮಿಲಿಗ್ರಾಂ ಮಾತ್ರೆಯ ಕಾಲು ಭಾಗ. ಮೊದಲು ಈಳಿಗೆಮಣೆಯಲ್ಲಿ ಕತ್ತರಿಸಲು ಹೋಗಿ ಪುಡಿ ಮಾಡಿದರು. ಈಗ ಮಾತ್ರೆ ಕತ್ತರಿಸುವ ಪ್ಲಾಸ್ಟಿಕ್ ಡಬ್ಬಿ ತಂದುಕೊಟ್ಟಿದ್ದೇವೆ, ಮೆಡಿಕಲ್ ಶಾಪ್‌ನಲ್ಲೇ ಸಿಗುತ್ತದೆ.

ಹಾಗಾದರೆ ನಿದ್ದೆ?

ಟೇಪರ್ ಜೊತೆಗೆ ನಿದ್ದೆಯನ್ನು ಮತ್ತೆ ಕಲಿಸುವ ಚಿಕಿತ್ಸೆ ಇದೆ. ಮಾತ್ರೆ ಇಲ್ಲದ್ದು. ಇದಕ್ಕೆ ನಿದ್ದೆಯ ಸಿಬಿಟಿ ಅನ್ನುತ್ತಾರೆ. ಹಳೇ ನಿದ್ದೆಗೇಡಿಗೆ ಇವತ್ತು ಮೊದಲ ಚಿಕಿತ್ಸೆ ಇದೇ. ನಿದ್ದೆ ಬಂದಾಗ ಮಾತ್ರ ಹಾಸಿಗೆಗೆ ಹೋಗಿ. ಇಪ್ಪತ್ತು ನಿಮಿಷ ಕಣ್ಣು ಮುಚ್ಚದಿದ್ದರೆ ಎದ್ದು ಬಂದು ಬೇರೆ ಕಡೆ ಕೂತುಕೊಳ್ಳಿ. ರಾತ್ರಿ ಎಷ್ಟೇ ಕೆಟ್ಟಿರಲಿ, ಬೆಳಗ್ಗೆ ಏಳುವ ಹೊತ್ತು ಒಂದೇ ಇರಲಿ. ಅತ್ತೆಗೆ ಕಷ್ಟವಾಗಿದ್ದು ಮಧ್ಯಾಹ್ನ ಊಟವಾದ ಮೇಲಿನ ನಿದ್ದೆ ಬಿಡುವುದು. ಮಾತ್ರೆಗಿಂತ ಅದೇ ಕಷ್ಟ ಅಂತಾರೆ.

ಅಂಗಡಿಯ ಹುಡುಗ ಮಾಡಿದ್ದು ತಪ್ಪಾ?

ಅಲ್ಲ. ನಮ್ಮ ದೇಶದಲ್ಲಿ 2014ರ ಮಾರ್ಚ್‌ನಿಂದ ಎಚ್1 ಅನ್ನುವ ಪಟ್ಟಿ ಜಾರಿಯಲ್ಲಿದೆ. ಅಲ್ಪ್ರಝೋಲಾಮ್, ಡಯಾಜೆಪಾಮ್, ನೈಟ್ರಾಝೆಪಾಮ್, ಝೋಲ್ಪಿಡೆಮ್ ಅದರಲ್ಲಿವೆ. ಇವನ್ನು ಕೊಡುವಾಗ ಡಾಕ್ಟರ್ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟರು ಅನ್ನುವುದನ್ನು ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಸ್ಟ್ರಿಪ್ ಮೇಲೆ ಕೆಂಪು ಗೆರೆಯ ಚೌಕದ ಎಚ್ಚರಿಕೆ ಇರುತ್ತದೆ. ಬ್ರಿಟನ್‌ನಲ್ಲಿ 1988ರಲ್ಲೇ ಎರಡರಿಂದ ನಾಲ್ಕು ವಾರಕ್ಕಿಂತ ಜಾಸ್ತಿ ಬೆಂಜೊ ಬೇಡ ಅಂತ ಡಾಕ್ಟರುಗಳಿಗೆ ಹೇಳಿದ್ದರು. ಅಮೆರಿಕದ ಔಷಧಿ ಇಲಾಖೆ 2020ರಲ್ಲಿ ಅವಲಂಬನೆ ಮತ್ತು ವಿತ್‌ಡ್ರಾವಲ್ ಬಗ್ಗೆ ಅತಿ ಗಟ್ಟಿ ಎಚ್ಚರಿಕೆಯನ್ನು ಎಲ್ಲ ಬೆಂಜೊ ಮೇಲೂ ಹಾಕಿಸಿತು. ಹುಡುಗ ಕಾನೂನು ಪಾಲಿಸಿದ. ಅವನು ಹೇಳದೆ ಬಿಟ್ಟದ್ದು ಒಂದೇ ಮಾತು: 'ಚೀಟಿ ಸಿಗುವವರೆಗೆ ದಿಢೀರ್ ಅಂತ ನಿಲ್ಲಿಸಬೇಡಿ, ಇವತ್ತೇ ಡಾಕ್ಟರ್ ನೋಡಿ.'

ಎಲ್ಲಿಗೆ ಹೋಗುವುದು?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ಕೇಂದ್ರ ಇದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಎಲ್ಲಿಂದ ಶುರುಮಾಡುವುದು ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿಮಾನಸ್ ಸಹಾಯವಾಣಿ ಅದು, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಹೋಗುವಾಗ ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಗ್ಯಾಸ್ಟ್ರಿಕ್ ಮಾತ್ರೆ ಸಮೇತ.

ಮನೆಯಲ್ಲೇ ಫಿಟ್ಸ್ ಬಂದರೆ ಕೈಗೆ ಬೀಗದ ಕೀಲಿ, ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು ಬೇಡ. ಎಡಗಡೆಗೆ ಮಗ್ಗುಲಾಗಿ ಮಲಗಿಸಿ, ಸುತ್ತಲಿನ ಚೂಪು ವಸ್ತು ಸರಿಸಿ, 108ಕ್ಕೆ ಫೋನ್ ಮಾಡಿ. 'ಮಾತ್ರೆ ನಿಲ್ಲಿಸಿದ್ದರು' ಅನ್ನುವುದನ್ನು ಮೊದಲ ವಾಕ್ಯದಲ್ಲೇ ಹೇಳಿ.

ಅತ್ತೆಗೆ ಈಗ ಎಂಟನೇ ತಿಂಗಳು. 3 ಮಿಲಿಗ್ರಾಂಗೆ ಬಂದಿದ್ದಾರೆ. ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಇಳಿಸಿದ ದಿನಕ್ಕೆ ಕುಂಕುಮದ ಬೊಟ್ಟು ಇಡುತ್ತಾರೆ. ಮುಂದಿನ ಬೊಟ್ಟು ಹೋದ ಸೋಮವಾರ ಬೀಳಬೇಕಿತ್ತು. ಮೊಮ್ಮಗಳ ಮದುವೆ ಹತ್ತಿರ ಬಂದಿದೆ, ಮನೆ ತುಂಬ ನೆಂಟರು, ಎರಡು ರಾತ್ರಿ ಸರಿಯಾಗಿ ನಿದ್ದೆ ಆಗಿಲ್ಲ. ಡಾಕ್ಟರ್‌ಗೆ ಫೋನ್ ಮಾಡಿ ಕೇಳಿದರು. "ಮೇಲೆ ಹತ್ತಬೇಡಿ, ಕೆಳಗೂ ಇಳಿಯಬೇಡಿ. ಬೀಗರ ಔತಣ ಮುಗಿಯಲಿ, ಆಮೇಲೆ ನೋಡೋಣ" ಅಂದರಂತೆ.